ಪಟ್ಟಿಯಲ್ಲಿ ಕಾಣದ ಭಾನುವಾರ

ಭಾನುವಾರ ಹತ್ತು ಗಂಟೆಗೆ ನಿಮ್ಮ ಮನೆಗೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ ಅಂದಿದ್ದ ಗಂಡಸು, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಶಿಳ್ಳೆ ಹಾಕುತ್ತಾ ಕೂತಿದ್ದ.

ಪಲುಪಿ ಬಾಗಿಲಲ್ಲೇ ನಿಂತು ನೋಡಿದಳು. ಮುಖದಲ್ಲಿ ನಾಚಿಕೆಯಿಲ್ಲ, ಭಯವಿಲ್ಲ, ಜ್ವರ ಬಂದಿತ್ತು ಅಂತ ಸುಳ್ಳು ಹೇಳುವಷ್ಟು ಮರ್ಯಾದೆಯೂ ಇಲ್ಲ. ಸೆತ್ಯಾಜಿ ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. ಎರಡು ವರ್ಷದ ಹಿಂದೆ ಅವಳು ಜಾರಿ ಬಿದ್ದಿದ್ದು ಆ ಗುಳಿಗೇ. ಇವತ್ತು ಅಲ್ಲಿಗೇ ಸರಿಯಾಗಿ ಒಂದು ಬಾರಿಸಬೇಕು ಅನ್ನಿಸಿತು.

"ನಿನ್ನೆ ಏನು ಮಾಡ್ತಿದ್ದೆ?" ಅಂದಳು.

"ನಿನ್ನೆಯಾ? ಅದೇನು ದಿನ ಕಣೇ! ಬೆಳಿಗ್ಗೆ ಪಟ್ಟಿ ತೆಗೆದು ನೋಡ್ತೀನಿ, ಒಂದೇ ಒಂದು ಕೆಲಸ ಇಲ್ಲ. ಪೂರ್ತಿ ಖಾಲಿ. ಫೋನ್ ಆಫ್ ಮಾಡಿ ಮಧ್ಯಾಹ್ನದ ತನಕ ಮಲಗಿಬಿಟ್ಟೆ."

"ಮಲಗಿದ್ದೆ."

"ಹ್ಞೂಂ. ಯಾಕೆ?"

ಯಾಕಂತೆ! ಕೊಟಗೆಡೆಯ ಅವಳ ಮನೆಯಲ್ಲಿ ಶನಿವಾರದಿಂದಲೇ ಅಮ್ಮ ಎಳೆ ಹಲಸಿನಕಾಯಿ ಬೇಯಿಸಲು ಇಟ್ಟಿದ್ದಳು. ಅಪ್ಪ, ಊರವರೆಲ್ಲ ಗೌರವದಿಂದ ‘ಪಾಕ್’ ಅನ್ನುವ ಸುದಿರ್ಜೊ, ಬೆಳ್ಳಿ ಕೆಲಸ ಬಿಟ್ಟ ಮೇಲೆ ಬನಿಯನ್ ಬಿಟ್ಟು ಬೇರೆ ಬಟ್ಟೆ ಮುಟ್ಟದ ಮನುಷ್ಯ, ಬಾಟಿಕ್ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡಿದ್ದರು. ಹತ್ತಾಯಿತು, ಹನ್ನೊಂದಾಯಿತು. ಪಕ್ಕದ ಮನೆಯ ಹೆಂಗಸು ಒಂದೇ ಅಂಗಳವನ್ನು ಮತ್ತೆ ಮತ್ತೆ ಗುಡಿಸಿದಳು. ಫೋನು ಮಾಡಿದರೆ ಸ್ವಿಚ್ ಆಫ್. ಹನ್ನೆರಡಕ್ಕೆ ಅಪ್ಪ ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿ, ಪಂಜರದ ಪಾರಿವಾಳಕ್ಕೆ ಕಾಳು ಹಾಕಲು ಹೋದರು. ಒಂದು ಮಾತೂ ಆಡಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋಗಿದ್ದು.

"ನಮ್ಮ ಮನೆಗೆ ಬರಬೇಕಿತ್ತು ನೀನು," ಅಂದಳು.

ಸೆತ್ಯಾಜಿಯ ಶಿಳ್ಳೆ ನಿಂತಿತು. ಮುಖ ಸುಣ್ಣವಾಯಿತು. ಆಮೇಲೆ ಆ ಮಹಾನುಭಾವ ಏನು ಮಾಡಿದ ಅಂತೀರಿ? ಕ್ಷಮಿಸು ಅನ್ನಲಿಲ್ಲ, ಎದ್ದು ನಿಲ್ಲಲಿಲ್ಲ. ಕೀಬೋರ್ಡಿನ ಕಡೆ ತಿರುಗಿದ.

"ಸಾಧ್ಯವೇ ಇಲ್ಲ. ಪಟ್ಟಿಯಲ್ಲಿ ಇರಲಿಲ್ಲ," ಅಂದ.

ಈ ಪಟ್ಟಿಯ ಪುರಾಣ ಆ ಆಫೀಸಿನಲ್ಲಿ ಯಾರಿಗೆ ಗೊತ್ತಿರಲಿಲ್ಲ! ಯೋಗ್ಯಕರ್ತದ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ, ಬಸ್ಸಿನವರಿಗೆ ಟಿಕೆಟ್ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಆಫೀಸು ಅದು. ಮಿಕ್ಕವರು ಕೋಡ್ ಬರೆಯಲು ಮಾತ್ರ ಬಳಸುವ ಎಡಿಟರ್‌ನಲ್ಲಿ ಇವನು ಸೋಪು ತರುವುದನ್ನೂ ಬರೆಯುತ್ತಿದ್ದ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಮುಟ್ಟಿದರೆ ಮೈಲಿಗೆ. ಇಡೀ ಬದುಕು ಒಂದೇ ಫೈಲಿನಲ್ಲಿ. ಪ್ರತಿ ಕೆಲಸದ ಮುಂದೆ ಒಂದು ಹಣೆಪಟ್ಟಿ: ಇದು ಆಫೀಸಿನದು, ಇದು ಮನೆಯದು, ಇದು ಫೋನು ಮಾಡುವುದು. ಬೇಕಾದ್ದನ್ನಷ್ಟೇ ತೋರಿಸುವ ಹಾಗೆ ಫಿಲ್ಟರ್ ಹಾಕಿ, ಸೋಸಿ ಬಂದ ಪಟ್ಟಿಗೊಂದು ಹೆಸರಿಟ್ಟು ಸೇವ್ ಮಾಡುವುದು. ಮಾರನೇ ದಿನ ಒಂದು ಕೀಲಿ ಒತ್ತಿದರೆ ಅದೇ ಫಿಲ್ಟರ್ ಮತ್ತೆ ತೆರೆದುಕೊಂಡು ಆ ದಿನದ ಕೆಲಸ ಸೋಸಿ ಕೊಡುತ್ತದೆ. ಹೊಸದಾಗಿ ಸೇರಿದವರನ್ನೆಲ್ಲ ಕೂರಿಸಿಕೊಂಡು ಇದರ ಪ್ರವಚನ ನಡೆಯುತ್ತಿತ್ತು. ಪಲುಪಿ ತನ್ನ ಮಾನಿಟರಿಗೆ ಅಂಟಿಸುವ ಹಳದಿ ಚೀಟಿಗಳನ್ನು ನೋಡಿದರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತಂತೆ. ಎಷ್ಟೋ ಸಲ ಹೇಳಿದ್ದ, "ಫ್ಯಾನ್ ಗಾಳಿಗೆ ಹಾರಿಹೋದ್ರೆ ನಿನ್ನ ಬದುಕೇ ಹಾರಿಹೋಯ್ತು" ಅಂತ.

ಈಗ ಅದೇ ಪಂಡಿತ ಪರದೆಗೆ ಮೂಗು ತಾಗಿಸಿಕೊಂಡು ಹುಡುಕುತ್ತಿದ್ದ.

"ಬರೆದಿದ್ದೀನಿ! ನೋಡು, ಇದೆ!" ಅಂತ ಕೂಗಿದ. ನಿಧಿ ಸಿಕ್ಕಷ್ಟು ಸಂತೋಷ. "ಫೈಲಿನಲ್ಲಿ ಇದೆ ಪಲುಪಿ. ಪಟ್ಟಿಯಲ್ಲಿ ಮಾತ್ರ ಬಂದಿಲ್ಲ."

"ಯಾಕೆ ಬಂದಿಲ್ಲ?"

"ಅದಕ್ಕೆ ‘ಮನೆ’ ಅಂತ ಹಣೆಪಟ್ಟಿ ಹಾಕಿದ್ದೀನಿ. ‘ಇವತ್ತು’ ಅನ್ನೋ ಪಟ್ಟಿ ಇದೆಯಲ್ಲ, ಅದರ ಫಿಲ್ಟರ್‌ನಲ್ಲಿ ‘ಮನೆ’ ಬಿಟ್ಟು ಮಿಕ್ಕಿದ್ದೆಲ್ಲ ತೋರಿಸು ಅಂತ ಇದೆ. ಹೋದ ವರ್ಷ ಸುರಬಾಯದ ಬಸ್ಸಿನವರು ಪ್ರಾಣ ತಿಂತಿದ್ರಲ್ಲ, ಆಗ ತಲೆ ಚಿಟ್ಟು ಹಿಡಿದು, ಮನೆ ಕೆಲಸ ಸ್ವಲ್ಪ ದಿನ ಕಣ್ಣಿಗೆ ಬೀಳೋದು ಬೇಡ ಅಂತ ಮಾಡಿದ್ದೆ. ಹಾಗೇ ಸೇವ್ ಆಗಿಬಿಟ್ಟಿದೆ."

"ಸೇವ್ ಆಗಿಬಿಟ್ಟಿದೆ. ತಾನಾಗೇ?"

"ಅಂದ್ರೆ... ನಾನೇ ಮಾಡಿದ್ದು."

"ದಿನಾ ಬೆಳಿಗ್ಗೆ ಅದನ್ನ ತೆಗೀತಿದ್ದವರು ಯಾರು?"

"ನಾನೇ. ಆದ್ರೆ ತಪ್ಪು ಫಿಲ್ಟರ್‌ದು ಕಣೇ, ತಾಂತ್ರಿಕವಾಗಿ ನೋಡಿದ್ರೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನು ತಾನೇ ಡೊಂಕಾಗಿ ಹಾಕಿ, ಅದಕ್ಕೊಂದು ಹೆಸರಿಟ್ಟು, ವರ್ಷವಿಡೀ ಅದರ ಮೇಲೆ ಎಡವಿಕೊಂಡು ಓಡಾಡಿದ್ದಾನೆ. ಪಲುಪಿ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಒಂದು ವರ್ಷದಿಂದ ಕಣ್ಮರೆಯಾಗಿದ್ದ ಮನೆಗೆಲಸಗಳೆಲ್ಲ ಉದ್ದಕ್ಕೆ ನಿಂತಿದ್ದವು. ಹಲ್ಲಿನ ಡಾಕ್ಟರ್. ಅಮ್ಮನ ಕನ್ನಡಕ ಬದಲಿಸು. ಸೊಳ್ಳೆಪರದೆ. ಚಪ್ಪಲಿ ಹೊಲಿಸು. ಅವಳ ಕಣ್ಣು ಮೇಜಿನ ಕೆಳಗೆ ಹೋಯಿತು. ಹೌದು, ಬಲಗಾಲಿನ ಚಪ್ಪಲಿಗೆ ಕರೆಂಟು ವೈರ್ ಕಟ್ಟಿಕೊಂಡಿದ್ದ. ಮತ್ತೆ ಪರದೆ ನೋಡಿದಳು. ಚಪ್ಪಲಿಯ ಕೆಳಗಿನ ಸಾಲು: ಪಲುಪಿ ಮನೆ, ಭಾನುವಾರ ಹತ್ತು.

"ನಾನು ಚಪ್ಪಲಿಗಿಂತ ಕೆಳಗಾ?"

"ಛೇ ಛೇ, ಅದು ತಾರೀಖಿನ ಪ್ರಕಾರ ಬರುತ್ತೆ."

"ಎರಡು ವರ್ಷಕ್ಕೆ ನನ್ನ ಹೆಸರಲ್ಲಿ ಇರೋದು ಇದೊಂದೇ ಸಾಲಾ?"

ಅವನು ಕೀಬೋರ್ಡಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ. ಏನೋ ಹೇಳಬೇಕು ಅಂತಿದ್ದ ಅಂತ ಕಾಣುತ್ತದೆ. ಅವಳಿಗೆ ಕೇಳುವ ತಾಳ್ಮೆ ಇರಲಿಲ್ಲ.

"ಇಷ್ಟು ದಿನ ನಿನ್ನ ‘ಮಾಸ್’ ಅಂತ ಕರೀತಿದ್ದೆ ನೋಡು, ನನ್ನ ನಾಲಿಗೆಗೆ ಹುಳ ಬೀಳಬೇಕು," ಅಂದವಳೇ ತನ್ನ ಜಾಗಕ್ಕೆ ಹೋಗಿ ಕೂತಳು. ಅವತ್ತಿನಿಂದ ಆ ಗೌರವದ ‘ಮಾಸ್’ ಹೋಯಿತು. ಬರೀ ಸೆತ್ಯಾಜಿ ಉಳಿದ.

ಸಂಜೆ ಮನೆಯಲ್ಲಿ ಅಪ್ಪನಿಗೆ ಈ ಫಿಲ್ಟರಿನ ಕಥೆ ಹೇಳುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು. ಪಾಕ್ ಸುದಿರ್ಜೊ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅವನು ಮನೆ ಅನ್ನೋದನ್ನೇ ಸೋಸಿ ಚೆಲ್ಲಿದ್ದಾನೆ."

"ಬೇಕು ಅಂತ ಅಲ್ಲಪ್ಪ."

"ಬೇಕು ಅಂತ ಮಾಡಿದ್ರೆ ಧೈರ್ಯ ಇದೆ ಅಂತಾದ್ರೂ ಅನ್ನಬಹುದಿತ್ತು." ಪಂಜರದ ನೀರು ಬದಲಿಸಿದರು. "ಮಾಗೆಲಾಂಗಿನಿಂದ ನಿಮ್ಮತ್ತೆ ಫೋನ್ ಮಾಡಿದ್ಲು. ಬ್ಯಾಂಕಿನ ಹುಡುಗನ ವಿಷಯ."

ಬ್ಯಾಂಕಿನ ಹುಡುಗನನ್ನು ಅವಳು ಒಂದು ಮದುವೆಯಲ್ಲಿ ನೋಡಿದ್ದಳು. ಒಳ್ಳೆಯವನು. ಚಪ್ಪಲಿ ನೆಟ್ಟಗಿತ್ತು. ಅವನ ಪಕ್ಕ ಜೀವಮಾನ ಪೂರ್ತಿ ಕೂರಬೇಕು ಅಂತ ಯೋಚಿಸಿದರೆ ಆಕಳಿಕೆ ಬರುತ್ತಿತ್ತು. ಆಫೀಸಿನ ಆ ವೈರ್ ಚಪ್ಪಲಿಯ ದಡ್ಡನೇ ಬೇಕಿತ್ತು ಅವಳಿಗೆ. ಆ ಬೇಕೆನ್ನುವುದರ ಮೇಲೆಯೇ ಅವಳಿಗೆ ಅಸಹ್ಯ ಹುಟ್ಟಿತ್ತು.

"ಇನ್ನೊಂದು ಸಲ ಅವಕಾಶ ಕೊಡಪ್ಪ," ಅಂದಳು, ನೆಲ ನೋಡುತ್ತಾ.

ಅಪ್ಪ ಗೋಡೆಯ ಕ್ಯಾಲೆಂಡರ್ ಮುಂದೆ ಹೋಗಿ ಬೆರಳಿಟ್ಟು ಎಣಿಸಿದರು. ಆ ಭಾನುವಾರವನ್ನು ಅವರು ಸುಮ್ಮನೆ ಆರಿಸಿರಲಿಲ್ಲ. ಇಬ್ಬರ ಹುಟ್ಟಿದ ದಿನ ಕೂಡಿಸಿ, ವಾರದ ಜೊತೆ ಸಂತೆವಾರವನ್ನೂ ನೋಡಿ ಆರಿಸಿದ್ದು. ಅವರ ಕಡೆ ಏಳು ದಿನದ ವಾರದ ಜೊತೆಗೆ ಲೆಗಿ, ಪಾಹಿಂಗ್ ಅಂತೆಲ್ಲ ಹೆಸರಿರುವ ಐದು ದಿನದ ಇನ್ನೊಂದು ವಾರವೂ ಉಂಟು; ಕೊಟಗೆಡೆಯಲ್ಲಿ ಐದು ದಿನಕ್ಕೊಮ್ಮೆ ಲೆಗಿ ಬರುತ್ತದೆ. ಆ ದಿನ ದೊಡ್ಡ ಸಂತೆ. ಲೆಗಿ ಭಾನುವಾರದ ಮೇಲೆಯೇ ಬೀಳಬೇಕು ಅಂದರೆ ಮೂವತ್ತೈದು ದಿನ ಕಾಯಬೇಕು.

"ಮತ್ತೆ ಲೆಗಿ ಯಾವ ಭಾನುವಾರ ಬೀಳುತ್ತೋ ಅವತ್ತು ಹತ್ತು ಗಂಟೆಗೆ ಬರಲಿ. ಎಲ್ಲೂ ಬರ್ಕೋಬಾರದು. ಫೋನಿನಲ್ಲಿ ನೋಡಬಾರದು. ನೀನು ಒಂದು ಸಲ ಹೇಳು, ಆಮೇಲೆ ಆ ಮಾತು ಎತ್ತಬೇಡ. ಬಂದ್ರೆ ಮದುವೆ. ಬರಲಿಲ್ಲ ಅಂದ್ರೆ ಸೋಮವಾರ ಮಾಗೆಲಾಂಗಿಗೆ ಫೋನ್ ಹೋಗುತ್ತೆ."

ಮಾರನೇ ದಿನ ಅವಳು ಹೇಳಿದ್ದನ್ನು ಕೇಳಿ ಸೆತ್ಯಾಜಿಯ ಕೈ ತಾನಾಗೇ ಕೀಬೋರ್ಡಿನ ಕಡೆ ಹೋಯಿತು. ಪಲುಪಿ ಫಟ್ ಅಂತ ಏಟು ಕೊಟ್ಟಳು.

"ಬರೀಬಾರದು ಅಂದೆ."

"ಅಯ್ಯೋ, ಅಭ್ಯಾಸ." ಕೈ ಉಜ್ಜಿಕೊಂಡ. "ಲೆಗಿ ಅಂದ್ರೆ... ಪಾಹಿಂಗ್ ಆದಮೇಲೆ ಬರುತ್ತಲ್ಲ, ಅದಾ?"

"ಅದಕ್ಕಿಂತ ಮುಂಚೆ. ಜಕಾರ್ತದಲ್ಲಿ ಬೆಳೆದವನಿಗೆ ಏನು ಗೊತ್ತಾಗಬೇಕು! ನಿನ್ನ ಎಡಿಟರ್‌ಗೆ ಗೊತ್ತಾ ಲೆಗಿ?"

"ಇಲ್ಲ. ಅದರ ಕ್ಯಾಲೆಂಡರಿನಲ್ಲಿ ವಾರಕ್ಕೆ ಏಳೇ ದಿನ."

"ಹಾಗಾದ್ರೆ ತಲೆ ಉಪಯೋಗಿಸು. ಹೊಸದಾಗೇ ಇರಬೇಕು, ಬಳಸಿಲ್ವಲ್ಲ."

ಅವನು ನಗಲಿಲ್ಲ. ಅವಳ ಕಣ್ಣನ್ನೇ ನೋಡಿದ, ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. ಪಲುಪಿ ಮುಖ ತಿರುಗಿಸಿ ಮಾನಿಟರಿನ ಮೇಲಿನ ಒಂದು ಚೀಟಿಯನ್ನು ಸುಮ್ಮಸುಮ್ಮನೆ ಕಿತ್ತು ಮತ್ತೆ ಅಂಟಿಸಿದಳು.

ಆಮೇಲೆ ಅವನು ಆ ವಿಷಯವನ್ನೇ ಎತ್ತಲಿಲ್ಲ. ಕಾಟ ಕೊಟ್ಟ, ಚಹಾ ತಂದಿಟ್ಟ, ಅವಳ ಬೈಗುಳ ತಿಂದ. ಆ ಮಾತು ಮಾತ್ರ ಇಲ್ಲ. ಮರೆತನೋ? ನೆನಪಿದೆಯೋ? ಕೇಳುವ ಹಾಗಿಲ್ಲ.

ಇದರ ಮೇಲೆ ಹೊಸದೊಂದು ಶುರುವಾಯಿತು. ಒಂದು ಶುಕ್ರವಾರ ತಡವಾಗಿ ಬಂದ. ಕಾಲೆಲ್ಲ ಕೆಸರು, ಮೈಯೆಲ್ಲ ಒಣಮೀನಿನ ವಾಸನೆ. ಆಮೇಲಿನ ಬುಧವಾರವೂ ಅದೇ ಕಥೆ, ಜೊತೆಗೆ ಅಂಗಿಯ ಜೇಬಿನ ಮೇಲೆ ಮಲ್ಲಿಗೆಯ ಒಂದು ಎಸಳು. ಪಲುಪಿ ಅದನ್ನು ಎರಡು ಬೆರಳಲ್ಲಿ ಎತ್ತಿ ಅವನ ಮೂಗಿನ ಮುಂದೆ ಹಿಡಿದಳು.

"ಯಾರವಳು?"

"ಯಾರೂ ಇಲ್ಲ. ಮೆಣಸಿನಕಾಯಿ ತರೋಕೆ ಹೋಗಿದ್ದೆ."

"ಮಲ್ಲಿಗೆ ಬಿಡೋ ಮೆಣಸಿನ ಗಿಡಾನಾ?"

ಜೇಬಿಗೆ ಕೈ ಹಾಕಿ ನಿಜವಾಗಿಯೂ ಒಂದು ಹಿಡಿ ಹಸಿಮೆಣಸಿನಕಾಯಿ ತೆಗೆದ.

"ಅಡುಗೆ ಮಾಡೋಕೆ ಬರುತ್ತಾ ನಿಂಗೆ?"

"ಇಲ್ಲ."

"ಮತ್ತೆ ಇದ್ಯಾಕೆ?"

"ಕೊಳ್ಳದೆ ಸುಮ್ನೆ ನಿಂತ್ರೆ ಬೈತಾರೆ," ಅಂದ ಅವನು. ಗುಳಿ ಬಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಹುಚ್ಚು ಹಿಡಿದಿದೆ ಇದಕ್ಕೆ, ಅಂದುಕೊಂಡಳು. ಮತ್ತೊಂದು ಸೋಮವಾರವೂ ಹಾಗೇ ಬಂದ. ಮಗು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಸಂತೆಯ ಸದ್ದು ಕೇಳುತ್ತಾ ಹುಟ್ಟಿ ಬೆಳೆದ ಹುಡುಗಿಗೆ ಆ ವಾಸನೆ ಎಲ್ಲಿಯದು ಅಂತ ಹೊಳೆಯಲಿಲ್ಲ ನೋಡಿ. ಬೇರೆಯವರ ತಲೆಯ ಬಗ್ಗೆ ಮಾತಾಡುತ್ತಾಳೆ.

ಕೊನೆಗೂ ಆ ಶನಿವಾರ ಬಂತು. ಅರ್ಧ ದಿನದ ಆಫೀಸು. ಹೊರಡುವಾಗ ಪಲುಪಿ ಮೆಟ್ಟಿಲ ಹತ್ತಿರ ಬೇಕಂತಲೇ ನಿಧಾನ ಮಾಡಿದಳು. ಒಂದು ಸನ್ನೆ, ಒಂದು ಅರ್ಧ ನಗು, ಏನಾದರೂ ಸಾಕಿತ್ತು. ಸೆತ್ಯಾಜಿ ಹೆಲ್ಮೆಟ್ ಹಾಕಿಕೊಂಡು ಬಂದ.

"ಸರಿ ಕಣೇ, ಸೋಮವಾರ ಸಿಗೋಣ."

ಸೋಮವಾರ. ಅಂದರೆ ಮುಗೀತು. ಅವನು ಬೈಕ್ ಏರಿ ಹೋಗುವುದನ್ನು ಜೆರಾಕ್ಸ್ ಅಂಗಡಿಯ ಮುಂದೆ ನಿಂತು ನೋಡಿದಳು. ಕಣ್ಣು ತುಂಬಿತು. ಇಂಥವನಿಗೆ ಅಳುವಷ್ಟು ಅಗ್ಗವಾದೆನಲ್ಲ ಅಂತ ಅದಕ್ಕೂ ಒಂದಿಷ್ಟು ಅತ್ತಳು.

ಭಾನುವಾರ ಬೆಳಗಾಗುವ ಮುಂಚೆಯೇ ಸಂತೆಯ ಗದ್ದಲ ಬೀದಿ ತನಕ ಚೆಲ್ಲಿತ್ತು. ಪಲುಪಿ ಹಾಸಿಗೆ ಬಿಟ್ಟು ಏಳಲಿಲ್ಲ. ಅಮ್ಮ ಈ ಸಲ ಹಲಸು ಬೇಯಿಸಲಿಲ್ಲ. ಒಂದು ಸಲ ಬೆಪ್ಪಾಗಿದ್ದು ಸಾಕು ಅಂದಿದ್ದಳು. ಅಪ್ಪನ ಬಾಟಿಕ್ ಅಂಗಿ ಮೊಳೆಯಲ್ಲೇ ಇತ್ತು. ಎಂಟೂವರೆಗೆ ಅಮ್ಮ ಸಂತೆಯಿಂದ ಬಂದವಳು ಬುಟ್ಟಿ ಇಳಿಸುವ ಮುಂಚೆಯೇ ಶುರು ಮಾಡಿದಳು.

"ರೀ, ಆ ಮೆಣಸಿನಕಾಯಿ ಹುಚ್ಚ ಇವತ್ತೂ ಬಂದಿದ್ದಾನೆ!"

"ಯಾವ ಹುಚ್ಚ?" ಅಪ್ಪ ಪಂಜರದ ಹತ್ತಿರದಿಂದ ಕೇಳಿದರು.

"ಲೆಗಿಯೆಂ ಅಕ್ಕ ಇಲ್ವಾ, ಮೆಣಸಿನಕಾಯಿ ಮಾರೋಳು? ಅವಳ ಹತ್ರ ಬರ್ತಾನಂತೆ ಒಬ್ಬ. ಪ್ರತಿ ಲೆಗಿಗೂ ತಪ್ಪದೆ ಬಂದು, ‘ಅಕ್ಕಾ, ಇವತ್ತು ಲೆಗಿ ತಾನೇ?’ ಅಂತ ಕೇಳ್ತಾನಂತೆ. ಹೌದಪ್ಪ ಅಂದ್ರೆ ಒಂದು ಹಿಡಿ ಮೆಣಸಿನಕಾಯಿ ತಗೊಂಡು ಹೋಗೋದು. ಸಂತೆ ತುಂಬಾ ಜನ, ಇದೇನು ಪ್ರಶ್ನೆ! ಯಾರ ಮನೆ ಹಾಳು ಹುಡುಗನೋ ಏನೋ. ಇವತ್ತು ಬೆಳಗಿನ ಜಾವದಿಂದ ಅಲ್ಲೇ ನಿಂತಿದ್ದಾನೆ, ಬಾಟಿಕ್ ಅಂಗಿ ಬೇರೆ. ನಿಮಿಷಕ್ಕೊಂದು ಸಲ ಹತ್ತಾಯ್ತಾ ಅಂತ ಹೂವಿನವಳ ಪ್ರಾಣ ತಿಂತಿದ್ದಾನೆ. ನಾನೇ ಕಣ್ಣಾರೆ ನೋಡಿದೆ. ಚಪ್ಪಲಿ ಹೊಸದಾಗಿ ಹೊಲಿಸಿಕೊಂಡಿದ್ದಾನೆ ಅನ್ನಿ, ಅದೊಂದು ಚೆನ್ನಾಗಿದೆ."

ಪಲುಪಿ ಹಾಸಿಗೆಯಿಂದ ಎದ್ದು ಕೂತಳು.

"ಅಮ್ಮಾ. ನಗುವಾಗ ಗುಳಿ ಬೀಳುತ್ತಾ ಅವನಿಗೆ? ಎಡಗಡೆ?"

"ನಗೋದೆಲ್ಲಿ ಬಂತು, ಬಲಿಗೆ ತಂದ ಮೇಕೆ ಹಾಗೆ ನಿಂತಿದ್ದಾನೆ. ನಿಂಗ್ಯಾಕೆ ಅದು?" ಅಂದ ಅಮ್ಮ ಮಗಳ ಮುಖ ನೋಡಿದಳು. ಮಗಳ ಮುಖದಿಂದ ಗಂಡನ ಮುಖ ನೋಡಿದಳು. "ಅಯ್ಯೋ ದೇವರೇ! ಹಲಸಿನಕಾಯೂ ಇಲ್ಲ ಮನೇಲಿ!"

ಆಮೇಲಿನ ಗಲಾಟೆ ಹೇಳುವುದು ಬೇಡ. ಪಲುಪಿ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಕಿಟಕಿಗೆ ಬರುವಷ್ಟರಲ್ಲಿ ಅಪ್ಪ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದರು. ಸರಿಯಾಗಿ ಹತ್ತಕ್ಕೆ ಗೇಟು ಸದ್ದಾಯಿತು. ಬೈಕು ತಳ್ಳಿಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿದ ಸೆತ್ಯಾಜಿ ಒಬ್ಬನೇ ಬಂದಿರಲಿಲ್ಲ. ಇವನು ಎಲ್ಲಿಗೆ ಹೋಗುತ್ತಾನೆ ಅಂತ ನೋಡಲು ಲೆಗಿಯೆಂ ಅಕ್ಕ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ಹಿಂದೆಯೇ ಬಂದಿದ್ದಳು. ಹೂವಿನವಳೂ ಬಂದಿದ್ದಳು. ಪಕ್ಕದ ಮನೆಯ ಹೆಂಗಸಿನ ಕೈಗೆ ಆಗಲೇ ಪೊರಕೆ ಬಂದಿತ್ತು.

ಕೈಯಲ್ಲಿದ್ದ ಚೀಲವನ್ನು ಅವನು ಅಮ್ಮನ ಮುಂದೆ ಇಟ್ಟ. ಹಸಿರು, ಕೆಂಪು, ಒಣಗಿದ್ದು, ಅರ್ಧ ಒಣಗಿದ್ದು, ಇಷ್ಟು ದಿನ ಕೊಂಡ ಮೆಣಸಿನಕಾಯಿ ಎಲ್ಲ ಅದರಲ್ಲಿತ್ತು.

"ಏನಪ್ಪಾ," ಅಪ್ಪ ಕೇಳಿದರು, "ಈ ಸಲ ಎಲ್ಲಿ ಬರ್ಕೊಂಡಿದ್ದೆ?"

"ಎಲ್ಲೂ ಇಲ್ಲ ಪಾಕ್. ಬರ್ಕೊಂಡ್ರೆ ಮರೆತುಬಿಡ್ತೀನಿ. ನನಗೆ ಅಷ್ಟು ದೂರದ ಲೆಕ್ಕ ನಿಲ್ಲಲ್ಲ, ಐದು ದಿನದ್ದು ಮಾತ್ರ ನಿಲ್ಲುತ್ತೆ. ಅದಕ್ಕೇ ಸಂತೆಗೇ ಬರ್ತಿದ್ದೆ. ಸಂತೆ ಭಾನುವಾರ ಬಿದ್ದ ದಿನ ನಿಮ್ಮ ಮನೆ, ಅಷ್ಟೇ ಗೊತ್ತಿತ್ತು."

"ಈ ಸಂಪತ್ತಿಗೆ ನನ್ನ ಮಗಳು ಬೇರೆ ಬೇಕಾ?"

"ಬೇಕು." ಅವನು ಕಿಟಕಿಯ ಕಡೆ ನೋಡಲಿಲ್ಲ. ಅವಳು ಅಲ್ಲೇ ಇದ್ದಾಳೆ ಅಂತ ಗೊತ್ತಿತ್ತು, ಕಿವಿ ಕೆಂಪಾಗಿತ್ತು. "ಎರಡು ವರ್ಷಕ್ಕೆ ನನ್ನ ಬಗ್ಗೆ ಒಂದೇ ಸಾಲಾ ಅಂತ ಕೇಳಿದ್ಲು ಅವಳು. ಮರೆಯೋ ವಿಷಯ ಮಾತ್ರ ನಾನು ಬರೆಯೋದು ಪಾಕ್. ಅವಳು ಚಹಾ ಬಿಸಿ ಇದ್ರೆ ತಟ್ಟೆಗೆ ಸುರ್ಕೊಂಡು ಯಾರೂ ನೋಡ್ತಿಲ್ಲ ಅಂತ ಕುಡೀತಾಳೆ. ಪ್ರಿಂಟರ್ ಕೆಟ್ರೆ ಅದರ ತಾತನಿಂದ ಶುರು ಮಾಡಿ ಬೈತಾಳೆ. ಹಲ್ಲಿ ಕಂಡ್ರೆ ಹೆದರ್ತಾಳೆ, ನನಗೆ ಹೆದರಿಕೆ ಇಲ್ಲ ಅಂತ ಕುರ್ಚಿ ಮೇಲೆ ನಿಂತ್ಕೊಂಡು ಹೇಳ್ತಾಳೆ. ಇದ್ಯಾವುದೂ ನಾನು ಬರೆದಿಲ್ಲ. ಬರೆದಿದ್ದು ಒಂದೇ ಒಂದು. ಅದನ್ನೇ ಮರೆತೆ."

ಹೂವಿನವಳು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡಳು. ಕಿಟಕಿಯ ಹಿಂದೆ ಪಲುಪಿ ಸರಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಥೂ, ಊರೆಲ್ಲರ ಮುಂದೆ ಹಲ್ಲಿ ವಿಷಯ ಹೇಳಿಬಿಟ್ಟನಲ್ಲ ಅಂತ ಬೈದುಕೊಂಡಳು. ಬೈದುಕೊಳ್ಳುತ್ತಲೇ ಅಳು, ನಗು ಎರಡೂ ಒಟ್ಟಿಗೆ ಬಂದವು.

"ಇಷ್ಟೆಲ್ಲ ಹಿಡಿಯೋ ತಲೇಲಿ ಒಂದು ಭಾನುವಾರ ಹಿಡೀಲಿಲ್ವೇನಯ್ಯಾ!" ಅಪ್ಪ ಗೊಣಗಿದರು. ಆಮೇಲೆ ಒಳಗೆ ಕೂಗಿದರು, "ಪಲುಪಿ, ಚಹಾ ತಾ. ತಟ್ಟೆ ಸಮೇತ ತಾ."

ಮಧ್ಯಾಹ್ನ ಅವನನ್ನು ಗೇಟಿನ ತನಕ ಕಳಿಸಲು ಅವಳು ಹೋದಳು. ಸಂತೆ ಎತ್ತುತ್ತಿದ್ದರು, ಬೀದಿಯಲ್ಲಿ ಎಲೆ, ಸಿಪ್ಪೆ, ಬಾಳೆದಿಂಡು.

"ಸೋಮವಾರ ಸಿಗೋಣ ಅಂದ್ಯಲ್ಲ ಪಾಪಿ, ರಾತ್ರಿ ಕಣ್ಣು ಮುಚ್ಚಿಲ್ಲ ನಾನು."

"ಮಾತೆತ್ತಬಾರದು ಅಂದಿದ್ದೆ ನೀನೇ. ಸೋಮವಾರ ಸಿಗೋದು ಸುಳ್ಳೂ ಅಲ್ವಲ್ಲ."

"ಆ ಫಿಲ್ಟರ್ ತೆಗೆದ್ಯಾ?"

"ತಿರುಗಿಸಿಬಿಟ್ಟೆ. ಈಗ ಬೆಳಿಗ್ಗೆ ಪಟ್ಟಿ ತೆಗೆದ್ರೆ ಮನೆ ವಿಷಯ ಮಾತ್ರ ಕಾಣುತ್ತೆ. ಹಲ್ಲಿನ ಡಾಕ್ಟರ್ ಆಯ್ತು, ಅಮ್ಮನ ಕನ್ನಡಕ ಆಯ್ತು, ಚಪ್ಪಲಿ ಆಯ್ತು." ಕಾಲು ಮುಂದಿಟ್ಟು ತೋರಿಸಿದ.

"ಮತ್ತೆ ಆಫೀಸಿನ ಕೆಲಸ?"

ಅವನು ತಲೆ ಕೆರೆದುಕೊಂಡ. "ಅದು ಕಾಣಲ್ಲ. ಸುರಬಾಯದ ಬಸ್ಸಿನವರು ನಿನ್ನೆ ಬೆಳಿಗ್ಗೆ ಬಾಯಿಗೆ ಬಂದ ಹಾಗೆ ಬೈದ್ರು."

ಪಲುಪಿ ಹಣೆ ಚಚ್ಚಿಕೊಂಡಳು. ಎರಡನ್ನೂ ಒಟ್ಟಿಗೆ ತೋರಿಸಬಹುದು ಅನ್ನುವಷ್ಟೂ ಹೊಳೆಯದ ಈ ಪ್ರಾಣಿಯನ್ನು ಕಟ್ಟಿಕೊಂಡು ಇಡೀ ಜೀವಮಾನ ಏಗಬೇಕು. ಏಗುತ್ತಾಳೆ. ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

"ಮುಂದಿನ ಲೆಗಿ ಯಾವತ್ತು?" ಅಂತ ಪರೀಕ್ಷೆಗೆ ಕೇಳಿದಳು.

"ಶುಕ್ರವಾರ," ಅಂದ ಅವನು, ಯೋಚಿಸದೆ.

ಅವನ ಅಂಗಿಯ ಜೇಬಿನ ಅಂಚಿಗೆ ಮಲ್ಲಿಗೆಯ ಎಸಳು ಮತ್ತೆ ಅಂಟಿಕೊಂಡಿತ್ತು. ಈ ಸಲ ಅವಳು ಅದನ್ನು ತೆಗೆಯಲಿಲ್ಲ.

"ಆಫೀಸಿಗೆ ಮುಂಚೆ ಬೇಗ ಬಾ. ನಾನೂ ಸಂತೆಗೆ ಬರ್ತೀನಿ, ಮಾಸ್."

ಗುಳಿ ಬಿತ್ತು. ಹೆಲ್ಮೆಟ್ ಹಾಕಿಕೊಂಡು ಬೀದಿ ತಿರುವಿನ ತನಕ ನಡೆದುಹೋದವನು ಅಲ್ಲಿ ನಿಂತ, ತಲೆ ಮುಟ್ಟಿಕೊಂಡ, ಪೆಚ್ಚು ಮೋರೆ ಹಾಕಿಕೊಂಡು ವಾಪಸು ಬಂದ. ಬೈಕು ಅವಳ ಮನೆ ಗೇಟಿನ ಮುಂದೆಯೇ ಇತ್ತು.